ಸೀಸ ಸಿಕ್ಕಿದ ಕಡೆ ಬೆಳ್ಳಿ ಹುಡುಕಿ

1715ರ ಜುಲೈ 24ರಂದು ಬೆಳ್ಳಿ, ಚಿನ್ನ ತುಂಬಿಕೊಂಡು ಹವಾನಾದಿಂದ ಸ್ಪೇನಿಗೆ ಹೊರಟ 12 ಹಡಗುಗಳ ಪೈಕಿ 11 ಹಡಗುಗಳು ಒಂದೇ ವಾರದಲ್ಲಿ ಫ್ಲಾರಿಡಾದ ಪೂರ್ವ ಕರಾವಳಿಯಲ್ಲಿ ಚಂಡಮಾರುತಕ್ಕೆ ಸಿಕ್ಕಿ ಒಡೆದುಹೋದವು. ಉಳಿದದ್ದು ಗ್ರಿಫಾನ್ ಎಂಬ ಫ್ರೆಂಚ್ ಹಡಗು ಒಂದೇ. ಹೋದ ಜನ ಸಾವಿರದ ಲೆಕ್ಕ. ಸೆಬಾಸ್ಟಿಯನ್ ಇನ್‌ಲೆಟ್‌ನಿಂದ ವೀರೋ ಬೀಚ್ ದಾಟಿ ಫೋರ್ಟ್ ಪಿಯರ್ಸ್‌ವರೆಗಿನ ಮರಳನ್ನು ಇವತ್ತಿಗೂ ಟ್ರೆಜರ್ ಕೋಸ್ಟ್ ಅನ್ನುತ್ತಾರೆ. ಲೋಹ ಪತ್ತೆ ಮಾಡುವ ಡಿಟೆಕ್ಟರ್ ಹಿಡಿದವರಿಗೆ ಅಲ್ಲಿ ಈಗಲೂ ಸ್ಪ್ಯಾನಿಷ್ ನಾಣ್ಯ ಸಿಗುತ್ತದೆ. ವರ್ಷದ ಹೆಚ್ಚಿನ ದಿನ ಮಾತ್ರ ಸಿಗುವುದು ಬಾಟಲಿ ಮುಚ್ಚಳ.

ಕಾರಣ ಸರಳ. ಒಳ್ಳೆಯ ಯಂತ್ರವೂ ಒದ್ದೆ ಮರಳಿನಲ್ಲಿ ಒಂದು ನಾಣ್ಯವನ್ನು ಒಂದಡಿ ಆಳದವರೆಗೆ ಹಿಡಿದರೆ ಹೆಚ್ಚು. ಹಳೆಯ ನಾಣ್ಯ ಕೂತಿರುವುದು ಅದಕ್ಕಿಂತ ಕೆಳಗೆ, ಚಿಪ್ಪಿನ ಪದರದ ಮೇಲೋ ಗಟ್ಟಿ ತಳದ ಮೇಲೋ. ಮೇಲಿನ ನಾಲ್ಕಡಿ ಮರಳನ್ನು ಕಡಲೇ ಎತ್ತಿಕೊಂಡು ಹೋಗಬೇಕು. ಇನ್ನೂ ಸಾವಿರ ಡಾಲರ್ ಸುರಿದು ದೊಡ್ಡ ಯಂತ್ರ ಕೊಳ್ಳುವವರು ಆ ದುಡ್ಡನ್ನು ಪೆಟ್ರೋಲಿಗಿಟ್ಟುಕೊಂಡು, ಕಡಲ್ಕೊರೆತ ಆದ ಮರುದಿನ ಅಲ್ಲಿರುವುದು ಮೇಲು.

ದೊಡ್ಡ ಅಲೆ ಎದ್ದ ಮಾತ್ರಕ್ಕೆ ಕೊರೆತ ಆಗುವುದಿಲ್ಲ. ದೂರದ ಬಿರುಗಾಳಿಯಿಂದ ನಿಧಾನವಾಗಿ ಉರುಳಿ ಬರುವ ಉದ್ದ ಅಲೆಗಳು ಎಷ್ಟೋ ಸಲ ಮರಳನ್ನು ತಂದೇ ಸುರಿಯುತ್ತವೆ. ಕೊರೆಯುವುದು ಒಂದರ ಬೆನ್ನಿಗೊಂದು ಬಡಿಯುವ ಗಿಡ್ಡ ಅಲೆ. ಈಶಾನ್ಯದ ಗಾಳಿ ಎರಡು ಮೂರು ದಿನ ಬಿಡದೆ ಬೀಸಿ, ಅದಕ್ಕೆ ಹುಣ್ಣಿಮೆಯದೋ ಅಮಾವಾಸ್ಯೆಯದೋ ದೊಡ್ಡ ಭರತ ಸೇರಿದರೆ ದಿಬ್ಬದ ಬುಡಕ್ಕೇ ಪೆಟ್ಟು. 2004ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿಸ್, ಜೀನ್ ಎರಡೂ ಚಂಡಮಾರುತ ಒಂದೇ ತಿಂಗಳಲ್ಲಿ ಇಲ್ಲಿಗೆ ಬಡಿದವು. 2022ರ ನವೆಂಬರ್ 10ರಂದು ನಿಕೋಲ್ ವೀರೋ ಬೀಚ್‌ನ ದಕ್ಷಿಣಕ್ಕೇ ದಡ ಹತ್ತಿತು. ಅಂಥ ದಿನಗಳ ನಂತರ ದಿಬ್ಬ ಚಾಕುವಿನಿಂದ ಕೊಯ್ದ ಹಾಗೆ ನೆಟ್ಟಗೆ ನಿಂತಿರುತ್ತದೆ. ಉಳ್ಳಾಲ, ಸೋಮೇಶ್ವರದ ಮಳೆಗಾಲ ನೋಡಿದವರಿಗೆ ಇದು ಹೊಸ ದೃಶ್ಯವಲ್ಲ.

ಎಷ್ಟು ಮರಳು ಹೋಗಿದೆ ಅಂತ ಅಳೆಯಲು ಸುಲಭದ ದಾರಿ, ಬೀಚಿಗಿಳಿಯುವ ಮರದ ಮೆಟ್ಟಿಲು. ಸಾಮಾನ್ಯ ದಿನ ಕೊನೆಯ ಮೂರು ನಾಲ್ಕು ಮೆಟ್ಟಿಲು ಮರಳಿನೊಳಗೇ ಹೂತಿರುತ್ತವೆ. ಶಾಂತ ದಿನದಲ್ಲಿ ಒಮ್ಮೆ ಹೋಗಿ ಎಷ್ಟು ಮೆಟ್ಟಿಲು ಕಾಣುತ್ತವೆ ಎಣಿಸಿ ಬರೆದಿಟ್ಟುಕೊಳ್ಳಿ. ಕೊನೆಯ ಮೆಟ್ಟಿಲು ಗಾಳಿಯಲ್ಲಿ ತೂಗಿ, ಕಂಬದ ಹೊಸ ಒದ್ದೆ ಭಾಗ ಕಾಣಿಸಿತೋ, ಯಂತ್ರ ಆನ್ ಮಾಡಿ. ಮೆಟ್ಟಿಲು ಮೊದಲಿನಷ್ಟೇ ಇದ್ದರೆ ಪಕ್ಕದ ಬೀಚು ನೋಡಿ: ಟರ್ಟಲ್ ಟ್ರೇಲ್‌ನಿಂದ ಸೀಗ್ರೇಪ್ ಟ್ರೇಲ್‌ಗೆ, ಅಲ್ಲಿಂದ ವಬಾಸೋಗೆ ಕಾರು ಓಡಿಸಿ. ಒಂದೇ ರಾತ್ರಿಯಲ್ಲಿ ಒಂದು ಕಡೆ ಕೊರೆದು, ಎರಡು ಮೈಲಿ ಆಚೆ ತುಂಬಿರುವುದು ಮಾಮೂಲು. ತಡ ಮಾಡಬೇಡಿ: ಕಡಲು ಕೆಲವೇ ದಿನಗಳಲ್ಲಿ ಮರಳು ವಾಪಸು ತರುತ್ತದೆ, ಇಲ್ಲವಾದರೆ ಕೌಂಟಿಯವರು, ಅಂದರೆ ಅಲ್ಲಿನ ಸ್ಥಳೀಯ ಆಡಳಿತದವರು, ಲಾರಿಗಟ್ಟಲೆ ಹೊಸ ಮರಳು ತಂದು ದಿಬ್ಬ ಕಟ್ಟುತ್ತಾರೆ. ಲಾರಿ ಮರಳು ಬಿದ್ದ ಕಡೆ ಮುಂದಿನ ದೊಡ್ಡ ಗಾಳಿವರೆಗೆ ಕೆಲಸವಿಲ್ಲ.

ಇನ್ನು ಮುಖ್ಯ ವಿಷಯ, ಕಸ ಓದುವುದು. ಅಲೆ ವಸ್ತುಗಳನ್ನು ತೂಕದ ಪ್ರಕಾರ ವಿಂಗಡಿಸುತ್ತದೆ, ಮೊರದಲ್ಲಿ ಅಕ್ಕಿ ಕೇರಿದ ಹಾಗೆ. ನೀರನ್ನು 1 ಅಂದುಕೊಂಡರೆ ಮರಳಿನ ಸಾಂದ್ರತೆ ಸುಮಾರು 2.65, ಅಲ್ಯೂಮಿನಿಯಂ 2.7. ಹಾಗಾಗಿ ಕ್ಯಾನಿನ ತುಂಡು ಮರಳಿನ ಜೊತೆಗೇ ಓಡಾಡುತ್ತದೆ. ತಾಮ್ರ 8.9, ಬೆಳ್ಳಿ 10.5, ಸೀಸ 11.3, ಚಿನ್ನ 19.3. ಬೆಳ್ಳಿಗೂ ಸೀಸಕ್ಕೂ ಎಷ್ಟು ಹತ್ತಿರ ನೋಡಿ. ಬರೀ ಕ್ಯಾನಿನ ತುಂಡು ಬರುತ್ತಿದ್ದರೆ ನೀವು ನಿಂತಿರುವುದು ಹೊಸದಾಗಿ ಬಂದು ಬಿದ್ದ ಮರಳಿನ ಮೇಲೆ, ಮುಂದೆ ನಡೆಯಿರಿ. ಮೀನು ಹಿಡಿಯುವವರ ಗಾಳದ ಸೀಸದ ಗುಂಡು ಒಂದರ ಹಿಂದೊಂದು ಸಿಗತೊಡಗಿದರೆ ನಿಲ್ಲಿ. ಬೆಳ್ಳಿ ಇದ್ದರೆ ಅದೇ ಸಾಲಿನಲ್ಲಿರಬೇಕು. ಕೊರೆತದ ಬುಡದಲ್ಲಿ ಕಪ್ಪು ಮರಳಿನ ಪಟ್ಟೆಯೂ ಇದ್ದರೆ ಇನ್ನೂ ಒಳ್ಳೆಯದು, ಹಗುರ ಮರಳು ತೊಳೆದುಹೋಗಿ ಭಾರದ್ದು ಉಳಿದಿದೆ ಅಂತ ಅರ್ಥ. ಸೀಸ ಸಿಕ್ಕಿದ ಎತ್ತರವನ್ನೇ ಹಿಡಿದು ನೀರಿಗೆ ಸಮಾನಾಂತರವಾಗಿ ನಡೆಯಬೇಕು. ದಿಬ್ಬದಿಂದ ನೀರಿಗೆ, ನೀರಿನಿಂದ ದಿಬ್ಬಕ್ಕೆ ಅಂಕುಡೊಂಕಾಗಿ ಅಲೆಯುವುದು ಇಂಥ ಸಾಲು ಸಿಗುವ ತನಕ ಮಾತ್ರ.

ಯಂತ್ರದ ವಿಷಯ ಹೆಚ್ಚು ಬೆಳೆಸುವುದಿಲ್ಲ. ಉಪ್ಪುನೀರು ವಿದ್ಯುತ್ ಹರಿಸುವುದರಿಂದ ಒಂದೇ ಫ್ರೀಕ್ವೆನ್ಸಿಯ ಅಗ್ಗದ ಯಂತ್ರ ಒದ್ದೆ ಮರಳಿನ ಮೇಲೆ ಸುಮ್ಮಸುಮ್ಮನೆ ಕೂಗುತ್ತದೆ. ಬಹು ಫ್ರೀಕ್ವೆನ್ಸಿಯದು ಬೇಕು. ಮೈನ್‌ಲ್ಯಾಬ್ ಎಕ್ವಿನಾಕ್ಸ್ 800 ಸಾಕು. ಒಣ ಮತ್ತು ಒದ್ದೆ ಮರಳಿಗೆ ಅದರ ಬೀಚ್ 1 ಎಂಬ ಸೆಟ್ಟಿಂಗ್, ಅಲೆ ತಾಗುವ ಕಡೆ ಬೀಚ್ 2. ಮೊದಲು ನಾಯ್ಸ್ ಕ್ಯಾನ್ಸಲ್ (ಸುತ್ತಲಿನ ವಿದ್ಯುತ್ ಗದ್ದಲ ತೆಗೆಯುವುದು), ಆಮೇಲೆ ಗ್ರೌಂಡ್ ಬ್ಯಾಲೆನ್ಸ್ (ಆ ನೆಲಕ್ಕೆ ಯಂತ್ರವನ್ನು ಹೊಂದಿಸುವುದು), ಕೊನೆಗೆ ಸೆನ್ಸಿಟಿವಿಟಿ, ಅಂದರೆ ಯಂತ್ರದ ಸೂಕ್ಷ್ಮತೆ. ಸದ್ದು ನಿಲ್ಲದಿದ್ದರೆ ಸೆನ್ಸಿಟಿವಿಟಿಯನ್ನು ಎರಡು ಅಂಕ ಇಳಿಸಿ, ಆಳ ಹೋಯಿತೆಂದು ಮರುಗಬೇಡಿ. ಗದ್ದಲದಲ್ಲಿ ಆಳದ ಸಣ್ಣ ಸದ್ದು ಕೇಳುವುದೇ ಇಲ್ಲ. ನೆಲಕ್ಕೆ ಬಿಟ್ಟುಬಿಟ್ಟು ಮಿಡಿತ ಕಳಿಸುವ ಪಲ್ಸ್ ಇಂಡಕ್ಷನ್ ಯಂತ್ರಕ್ಕೆ ಉಪ್ಪು, ಕಪ್ಪು ಮರಳು ಎರಡೂ ಲೆಕ್ಕಕ್ಕಿಲ್ಲ, ಆಳವೂ ಹೆಚ್ಚು. ಆದರೆ ಕಬ್ಬಿಣ ಬೇರೆ ಮಾಡದು, ಒಡೆದ ಮೆಟ್ಟಿಲಿನ ಮೊಳೆಯನ್ನೆಲ್ಲ ಅಗೆಯುವ ಸೊಂಟ ಬೇಕು. ಯಾವುದೇ ಯಂತ್ರವಾದರೂ ತೆಳು ಸದ್ದನ್ನೂ ಅಗೆಯಿರಿ. ಯಂತ್ರದ ಪರದೆ ಯಾವ ಲೋಹ ಎಂಬುದನ್ನು ಅಂಕದಲ್ಲಿ ಹೇಳುತ್ತದೆ, ಆದರೆ ಸವೆದ ನಾಣ್ಯ ಅದರ ಮೇಲೆ ಬೆಳ್ಳಿಯ ಅಂಕ ತೋರಿಸುವುದಿಲ್ಲ, ಕ್ಯಾನಿನ ತುಂಡಿನ ಅಂಕಕ್ಕೇ ಇಳಿದಿರುತ್ತದೆ.

ಯಂತ್ರದ ತುದಿಯ ಬಿಲ್ಲೆಯನ್ನು, ಅಂದರೆ ಕಾಯಿಲನ್ನು, ನೆಲಕ್ಕೆ ಎರಡು ಬೆರಳು ಮೇಲೆ, ಮಟ್ಟವಾಗಿ ಹಿಡಿಯಿರಿ. ಬೀಸಿನ ಕೊನೆಯಲ್ಲಿ ಕೈ ಮೇಲೇಳುವುದೇ ಎಲ್ಲರ ತಪ್ಪು. ಪ್ರತಿ ಬೀಸು ಹಿಂದಿನದರ ಅರ್ಧದ ಮೇಲೆ ಬರಲಿ. ಸದ್ದು ಬಂದಾಗ ಅಡ್ಡ, ಉದ್ದ ಎರಡೂ ಕಡೆ ಬೀಸಿ ಗುಣಿಸು ಚಿಹ್ನೆ ಬರೆಯಿರಿ. ಗೆರೆ ಕೂಡಿದ ಕಡೆಯಿಂದ ನಾಲ್ಕು ಬೆರಳು ಹಿಂದೆ ಸ್ಕೂಪ್ (ಮರಳು ಜಾಲಿಸುವ ತೂತಿನ ಸಲಿಕೆ) ಊರಿ. ಗುರುತಿನ ಮೇಲೇ ಊರಿದರೆ ನಾಣ್ಯಕ್ಕೆ ಗೀರು. ಸ್ಕೂಪಿನ ತೂತು ಅರ್ಧ ಇಂಚಿನದಾಗಿದ್ದರೆ ಸ್ಪೇನಿನ ಹಳೆಯ ಅರ್ಧ ರಿಯಾಲ್ ನಾಣ್ಯ ನುಸುಳಿ ಹೋಗುತ್ತದೆ. ಹಾಗಾಗಿ ಜಾಲಾಡಿಸುವ ಮುಂಚೆ ಮರಳನ್ನು ಪಕ್ಕಕ್ಕೆ ಸುರಿದು ಗುಂಡಿ, ರಾಶಿ ಎರಡರ ಮೇಲೂ ಇನ್ನೊಮ್ಮೆ ಕಾಯಿಲ್ ಆಡಿಸಿ. ಕೊರೆದ ದಿಬ್ಬದ ಗೋಡೆಯನ್ನಂತೂ ಕೆರೆಯಲೇಬಾರದು. ಅದು ಕಾನೂನಿಗೂ ವಿರುದ್ಧ, ತಲೆ ಮೇಲೆ ಕುಸಿಯುವುದೂ ಉಂಟು.

ಸಿಕ್ಕಿದ್ದು ನಾಣ್ಯದ ಹಾಗೆ ಇರುವುದಿಲ್ಲ. ಈ ಕಾಬ್ ನಾಣ್ಯಗಳನ್ನು ಬೆಳ್ಳಿಯ ಗಟ್ಟಿಯಿಂದ ತುಂಡರಿಸಿ, ತೂಕಕ್ಕೆ ಬರುವ ತನಕ ಅಂಚು ಕತ್ತರಿಸಿ, ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದದ್ದು. ಒಂದೂ ದುಂಡಗಿಲ್ಲ. ಕಡಲಿನಿಂದ ಬಂದಾಗ ಸೀದ ಹಪ್ಪಳದ ಚೂರಿನ ಹಾಗೆ ಕಪ್ಪಗೆ, ಮೇಲೆ ಮರಳು ಚಿಪ್ಪು ಅಂಟಿಕೊಂಡು, ಅಂಚು ಕಾಗದದಷ್ಟು ತೆಳ್ಳಗೆ. ಬಿಸಾಡಿದವರೂ ಇರಬೇಕು. ಓರೆ ಬೆಳಕಿಗೆ ಹಿಡಿದರೆ ಶಿಲುಬೆಯ ಒಂದು ತೋಳು ಕಾಣಬಹುದು. ಮೆಕ್ಸಿಕೋ ಟಂಕಸಾಲೆಯದಾದರೆ ಎಂ ಅಕ್ಷರ, ಅದರ ತಲೆಯ ಮೇಲೆ ಪುಟ್ಟ ಸೊನ್ನೆ. ಚಿನ್ನದ್ದು ಮಾತ್ರ 300 ವರ್ಷದ ನಂತರವೂ ನಿನ್ನೆ ಬಿದ್ದ ಹಾಗೆ ಹೊಳೆಯುತ್ತದೆ.

ನಿಯಮ ತಿಳಿಯದೆ ಹೋಗಬೇಡಿ. ಫ್ಲಾರಿಡಾದಲ್ಲಿ ಭರತದ ಗೆರೆಯಿಂದ ಕೆಳಗಿನ ನೆಲ ರಾಜ್ಯದ್ದು, ಹಡಗು ಮುಳುಗಿದ ಜಾಗಗಳಲ್ಲಿ ಪರವಾನಗಿದಾರರನ್ನು ಬಿಟ್ಟು ಬೇರೆಯವರು ನೀರಿಗಿಳಿದು ಹುಡುಕುವಂತಿಲ್ಲ. ಪಾರ್ಕುಗಳ ನಿಯಮ ಒಂದೊಂದು ಕಡೆ ಒಂದೊಂದು, ಕೇಳಿಕೊಂಡೇ ಇಳಿಯಿರಿ. ಉತ್ತರಕ್ಕಿರುವ ಕೆನಾವರಲ್ ನ್ಯಾಷನಲ್ ಸೀಶೋರ್ ಕೇಂದ್ರ ಸರಕಾರದ ಜಾಗ, ಅಲ್ಲಿ ಡಿಟೆಕ್ಟರ್ ಹಿಡಿದು ಓಡಾಡಿದರೂ ತಪ್ಪೇ. ಮಾರ್ಚ್‌ನಿಂದ ಅಕ್ಟೋಬರ್ ಕೊನೆವರೆಗೆ ಆಮೆ ಮೊಟ್ಟೆಯಿಡುವ ಕಾಲ, ಗೂಟ ಹೊಡೆದ ಗೂಡಿನ ಹತ್ತಿರ ಸುಳಿಯಬೇಡಿ. ಊರಿಗೆ ಬಂದಾಗ ಇದೇ ಯಂತ್ರ ತಂದು ಆಡಿಸೋಣ ಅನ್ನುವವರಿಗೆ ಒಂದು ಮಾತು: ಭಾರತದ 1878ರ ನಿಧಿ ಕಾಯ್ದೆಯಲ್ಲಿ 10 ರೂಪಾಯಿ ಮೀರಿದ ನಿಧಿ ಸಿಕ್ಕಿದರೆ ಕಲೆಕ್ಟರಿಗೆ ಬರೆದು ತಿಳಿಸಬೇಕು.

ಮನೆಗೆ ತರುವಾಗ ಒಣಗಿಸಬೇಡಿ. ಸಿಕ್ಕಿದ್ದನ್ನು ನೀರಿನ ಡಬ್ಬಿಯಲ್ಲೇ ಹಾಕಿ ತಂದು, ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ ವಾರಕ್ಕೊಮ್ಮೆ ನೀರು ಬದಲಿಸಿ. ಒಳಗಿನ ಉಪ್ಪು ಬಿಡಲು ವಾರಗಟ್ಟಲೆ ಬೇಕು. ಕಬ್ಬಿಣದ ಹಡಗು ಮೊಳೆಯಂತೂ ಒಣಗಿದರೆ ಪದರ ಪದರವಾಗಿ ಸಿಡಿಯುತ್ತದೆ. ಹುಣಸೆಹಣ್ಣು, ನಿಂಬೆರಸ ದೇವರ ಸಾಮಾನಿಗಿರಲಿ, ಇದಕ್ಕೆ ಬೇಡ. ಗಟ್ಟಿಯಾಗಿ ಉಳಿದ ಬೆಳ್ಳಿ ನಾಣ್ಯವಾದರೆ ಅಲ್ಯೂಮಿನಿಯಂ ಫಾಯಿಲ್ ಹಾಸಿದ ಬಟ್ಟಲಲ್ಲಿಟ್ಟು, ಅಡುಗೆ ಸೋಡಾ ಕದಡಿದ ಬಿಸಿನೀರು ಸುರಿದರೆ ಮೇಲಿನ ಕಪ್ಪು ತಿರುಗಿ ಬೆಳ್ಳಿಯಾಗುತ್ತದೆ. ಅದಕ್ಕೂ ಮುಂಚೆ ತೂಗಿ. 8 ರಿಯಾಲ್ ನಾಣ್ಯ ಟಂಕಸಾಲೆಯಿಂದ ಹೊರಟಾಗ ಸುಮಾರು 27 ಗ್ರಾಂ, 4 ರಿಯಾಲ್ ಅದರ ಅರ್ಧ. 27 ಇರಬೇಕಾದದ್ದು 12ಕ್ಕೆ ಇಳಿದಿದ್ದರೆ ಬೆಳ್ಳಿಯ ಬಹುಪಾಲು ಕರಗಿಹೋಗಿದೆ, ಆಕಾರ ಹಿಡಿದಿಟ್ಟಿರುವುದು ಆ ಕಪ್ಪೇ. ಅಂಥದ್ದನ್ನು ಸೋಡಾಕ್ಕೆ ಹಾಕಿದರೆ ಬಟ್ಟಲಲ್ಲಿ ಬೂದಿಯ ಹಾಗೆ ಪುಡಿ ಉಳಿಯುತ್ತದೆ. ಉಪ್ಪು ಬಿಟ್ಟ ಮೇಲೆ ನೆರಳಲ್ಲಿ ಒಣಗಿಸಿ, ಕಪ್ಪಾಗಿಯೇ ಇಟ್ಟುಬಿಡಿ.