ಗ್ರೀಸ್‌ಗೆ ಹೋಗುವವರಿಗೆ: ಅಕ್ರೊಪೊಲಿಸ್ ಕೊನೆಗಿರಲಿ, ಈಜಿಪ್ಟ್ ಕೋಣೆ ಮೊದಲಿರಲಿ

ಹಳೆಯ ಗ್ರೀಕರ ಪುಣ್ಯಕ್ಷೇತ್ರ ಡೆಲ್ಫಿಗೆ ನಾವು ಒಂದೇ ವಾರದಲ್ಲಿ ಎರಡು ಸಲ ಹೋದೆವು. ಎರಡನೇ ಸಲ ಹೋಗಿದ್ದು ಬರೀ ಸಿಟ್ಟಿಗೆ.

ಮೊದಲ ಸಲ ಅಥೆನ್ಸ್‌ನಿಂದ ಒಂದು ಟೂರ್ ವ್ಯಾನ್ ಹಿಡಿದಿದ್ದೆವು. ಬುಕ್ ಮಾಡುವಾಗ ಎಲ್ಲಾ ಸೇರಿ ಅಂತಿತ್ತು. ಅಲ್ಲಿಗೆ ಹೋದ ಮೇಲೆ ನೋಡಿದರೆ ಪ್ರವೇಶದ ಟಿಕೆಟ್ ಸೇರಿಲ್ಲ, ಊಟವೂ ಇಲ್ಲ. ಅದೂ ಹೋಗಲಿ. ದಾರಿಯಲ್ಲಿ ಅರಾಖೋವಾ ಎಂಬ ಬೆಟ್ಟದ ಊರಿನಲ್ಲಿ ಒಂದು ಅಂಗಡಿ ಮುಂದೆ ನಿಲ್ಲಿಸಿ 'ಹತ್ತು ನಿಮಿಷ' ಅಂದರು. ಕಂಬಳಿ, ಜೇನು, ಆಲಿವ್ ಸೋಪು, ಫ್ರಿಜ್ ಮೇಲೆ ಅಂಟಿಸುವ ಗೊಂಬೆ. ಐವತ್ತು ನಿಮಿಷ ಹೋಯಿತು. ಕೊನೆಗೆ ಮ್ಯೂಸಿಯಂಗೆ ಉಳಿದಿದ್ದು ಮೂವತ್ತೈದೇ ನಿಮಿಷ. ಅತ್ತಿಗೆ ಕೊನೆಯ ಕೋಣೆಗೆ ಕಾಲಿಟ್ಟಿದ್ದರು ಅಷ್ಟೆ, ಗೈಡ್ ಬಂದು ಗಡಿಯಾರ ತೋರಿಸಿದ.

ಅತ್ತಿಗೆ ಮೈಸೂರಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿ ರಿಟೈರ್ ಆದವರು. ಈ ಪ್ರವಾಸದ ಆಸೆಯೆಲ್ಲ ಅವರದ್ದು. ನಾನು ಜೊತೆಗೆ ಬ್ಯಾಗ್ ಹೊರೋಕೆ ಹೋದವಳು. ವ್ಯಾನ್ ಹತ್ತಿದ ಮೇಲೆ ಅಥೆನ್ಸ್ ಬರುವವರೆಗೂ ಅವರು ಒಂದು ಮಾತೂ ಆಡಲಿಲ್ಲ. ಇಳಿದ ಮೇಲೆ ಅಂದಿದ್ದು ಇಷ್ಟೇ: "ನಾಳಿದ್ದು ಮತ್ತೆ ಹೋಗೋಣ. ಈ ವ್ಯಾನ್‌ನಲ್ಲಿ ಮಾತ್ರ ಬೇಡ."

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜನ ಜಾಸ್ತಿ ಇದ್ದ ಕಡೆ ನನಗೆ ತಲೆ ಕೆಡುತ್ತದೆ. ದಸರಾ ಮೆರವಣಿಗೆಯನ್ನೂ ಮನೆಯಲ್ಲಿ ಟಿವಿಯಲ್ಲೇ ನೋಡುವವಳು. ಅದನ್ನು ಮನಸ್ಸಲ್ಲಿಟ್ಟುಕೊಂಡು ಮುಂದೆ ಓದಿ.

ನಾವು ಮಾಡಿದ ದೊಡ್ಡ ತಪ್ಪು, ಮೊದಲ ದಿನವೇ ಅಕ್ರೊಪೊಲಿಸ್, ಅಂದರೆ ಅಥೆನ್ಸ್‌ನ ಹಳೆಯ ದೇವಸ್ಥಾನಗಳ ಬೆಟ್ಟ, ಹತ್ತಿದ್ದು. ಎಲ್ಲರೂ ಅದನ್ನೇ ಮಾಡುತ್ತಾರೆ. ಮೆಟ್ಟಿಲ ಮೇಲೆ ತಳ್ಳಾಟ, ಕಾಲ ಕೆಳಗೆ ಜಾರುವ ಅಮೃತಶಿಲೆ, ದೇವಸ್ಥಾನದ ಸುತ್ತ ರಿಪೇರಿಯ ಕ್ರೇನು. ಚಂದ ಇಲ್ಲವೆಂದಲ್ಲ. ಆದರೆ ಗ್ರೀಕರು ಕೆತ್ತಲು ಕಲಿತ ಕಥೆಗೆ ಅದು ಕೊನೆ. ಕ್ರಿ.ಪೂ. 447ರಲ್ಲಿ ಕೆಲಸ ಶುರುವಾದ ಅಲ್ಲಿನ ಪಾರ್ಥೆನಾನ್ ದೇವಸ್ಥಾನವನ್ನು ಮೊದಲು ನೋಡಿಬಿಟ್ಟರೆ, ಈ ಗ್ರೀಕರು ಹುಟ್ಟುವಾಗಲೇ ಹೀಗೆ ಕೆತ್ತುತ್ತಿದ್ದರು ಅನಿಸುತ್ತದೆ. ಅವರೂ ಪಕ್ಕದ ಮನೆಯವರನ್ನು ನೋಡಿ ಕಲಿತವರೇ. ಅದು ಕಾಣಬೇಕಾದರೆ ಉಲ್ಟಾ ದಾರಿ ಹಿಡಿಯಬೇಕು: ಮೊದಲು ಕ್ರೀಟ್ ದ್ವೀಪ, ಆಮೇಲೆ ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ, ಆಮೇಲೆ ಡೆಲ್ಫಿ, ಕೊನೆಗೆ ಅಕ್ರೊಪೊಲಿಸ್.

ಕ್ರೀಟ್‌ಗೆ ಪಿರೇಯಸ್ ಬಂದರಿನಿಂದ ರಾತ್ರಿ ಹಡಗು ಇದೆ, ಬೆಳಗ್ಗೆ ಅಲ್ಲಿನ ಇರಾಕ್ಲಿಯೊ ಊರು ಮುಟ್ಟಿಸುತ್ತದೆ. ಕ್ಯಾಬಿನ್ ಬೇಡ ಎಂದು ದುಡ್ಡು ಉಳಿಸಿ ಸೀಟು ತೆಗೆದುಕೊಂಡೆವು. ಎಸಿ ಎಷ್ಟು ಜೋರೆಂದರೆ ಅತ್ತಿಗೆ ಸೀರೆ ಮೇಲೆ ನನ್ನ ಸ್ವೆಟರ್, ಅದರ ಮೇಲೆ ಟವೆಲ್ ಹೊದ್ದು ಕೂತಿದ್ದರು. ಶಾಲು ಮರೆಯಬೇಡಿ.

ಇರಾಕ್ಲಿಯೊ ಪಕ್ಕದ ಕ್ನೊಸೊಸ್ ಎಂಬ ಪ್ರಾಚೀನ ಅರಮನೆಗೆ ಒಂದೂವರೆ ಗಂಟೆ ಸಾಕು. ಇಂಗ್ಲಿಷ್ ಪುರಾತತ್ವಜ್ಞ ಆರ್ಥರ್ ಎವಾನ್ಸ್ 1900ರಲ್ಲಿ ಅಗೆಯಲು ಶುರು ಮಾಡಿ, ಆಮೇಲೆ ತನಗೆ ತೋಚಿದಂತೆ ಕಾಂಕ್ರೀಟ್ ಹಾಕಿ, ಬಣ್ಣ ಬಳಿದು ಎಬ್ಬಿಸಿದ ಭಾಗಗಳೇ ಫೋಟೋಗಳಲ್ಲಿ ಕಾಣುವ ಕೆಂಪು ಕಂಬಗಳು. ಇರಾಕ್ಲಿಯೊ ಊರಿನ ಮ್ಯೂಸಿಯಂಗೆ ಮಾತ್ರ ಅರ್ಧ ದಿನ ಇಟ್ಟುಕೊಳ್ಳಿ. ಎಲ್ಲರೂ ಗೂಳಿ ಮೇಲೆ ಲಾಗ ಹಾಕುವ ಚಿತ್ರದ ಮುಂದೆ ಗುಂಪು ಕಟ್ಟುತ್ತಾರೆ. ಅದರಲ್ಲಿ ಹಳೆಯ ಚೂರುಗಳು ಯಾವುವು, ತುಂಬಿಸಿದ್ದು ಯಾವುದು ಎಂದು ಪಕ್ಕದಿಂದ ನೋಡಿದರೆ ಗೊತ್ತಾಗುತ್ತದೆ. ಅಸಲು ಚೂರುಗಳು ಇರುವುದು ನೀವು ಅಂದುಕೊಂಡಿದ್ದಕ್ಕಿಂತ ಕಡಿಮೆ.

ನಾವು ಜಾಸ್ತಿ ಹೊತ್ತು ನಿಂತಿದ್ದು ಬೇರೆ ಎರಡು ವಸ್ತುಗಳ ಮುಂದೆ. ಒಂದು, ಕ್ನೊಸೊಸ್‌ನಲ್ಲಿ ಸಿಕ್ಕ ಕಲ್ಲಿನ ಮುಚ್ಚಳ. ಅಂಗೈಯಗಲದ್ದು. ಅದರ ಮೇಲೆ ಈಜಿಪ್ಟಿನ ಲಿಪಿಯಲ್ಲಿ ರಾಜ ಖಿಯಾನ್‌ನ ಹೆಸರಿದೆ. ಅವನು ಹಿಕ್ಸೋಸ್ ರಾಜ. ಆ ಹಿಕ್ಸೋಸರು ಪಶ್ಚಿಮ ಏಷ್ಯಾದಿಂದ ಬಂದು ಈಜಿಪ್ಟ್ ಆಳಿದವರು. ಅವರ ರಾಜಧಾನಿಯಾಗಿದ್ದ ಅವಾರಿಸ್‌ನಲ್ಲಿ ಮುಂದಿನ ಕಾಲದ ಅರಮನೆಯೊಂದರ ಗೋಡೆಯಿಂದ ಕ್ರೀಟ್ ಶೈಲಿಯ ಗೂಳಿ ಹಾರುವ ಚಿತ್ರದ ಚೂರುಗಳೂ ಸಿಕ್ಕಿವೆ. ಮುಚ್ಚಳ ಈ ಕಡೆ, ಗೂಳಿ ಆ ಕಡೆ. ಇನ್ನೊಂದು, ಐಡಾ ಬೆಟ್ಟದ ಗುಹೆಯಲ್ಲಿ ಸಿಕ್ಕ ಕಂಚಿನ ತಟ್ಟೆಯಂಥ ವಾದ್ಯ. ಅದರಲ್ಲಿ ಒಬ್ಬ ದೇವರು ಸಿಂಹವನ್ನು ತಲೆ ಮೇಲೆತ್ತಿ ಹಿಡಿದಿದ್ದಾನೆ. ಗುಹೆ ಗ್ರೀಕರ ದೇವರಾಜ ಜೂಸ್‌ನದ್ದು, ಗಡ್ಡ ಈಗಿನ ಇರಾಕ್ ಕಡೆಯ ಅಸ್ಸೀರಿಯಾದ್ದು. ಸುರುಳಿ ಸುರುಳಿ ಗಡ್ಡ, ಪಕ್ಕದಲ್ಲಿ ರೆಕ್ಕೆಯ ಇಬ್ಬರು ಸೇವಕರು. ಅದರ ಮುಂದೆ ನಮ್ಮಿಬ್ಬರನ್ನು ಬಿಟ್ಟು ಇನ್ನೊಬ್ಬರು ಇರಲಿಲ್ಲ.

ಸ್ಯಾಂಟೊರಿನಿಗೂ ಹೋಗಿದ್ದೆವು. ಅದರ ಬಗ್ಗೆ ಬರೆಯುವುದಿಲ್ಲ.

ಅಥೆನ್ಸ್‌ನಲ್ಲಿ ರೂಮಿನ ವಿಷಯ. 'ಅಕ್ರೊಪೊಲಿಸ್ ವ್ಯೂ' ಎಂದು ಹಾಕಿದ್ದ ರೂಮಿಗೆ ದಿನಕ್ಕೆ 110 ಯೂರೊ ಕೊಟ್ಟೆವು. ವ್ಯೂ ಇತ್ತು, ಸುಳ್ಳು ಹೇಳಬಾರದು. ಬಾತ್‌ರೂಮಿನ ಕಿಟಕಿಯಲ್ಲಿ, ಬಕೆಟ್ ಬೋರಲು ಹಾಕಿ ಮೇಲೆ ನಿಂತರೆ ಒಂದು ಮೂಲೆ ಕಾಣುತ್ತಿತ್ತು. ಹೊರಡುವ ದಿನ ಸರ್ಕಾರದ ಹವಾಮಾನ ತೆರಿಗೆ ಅಂತ ರಾತ್ರಿಗಿಷ್ಟು ಬೇರೆ ಕೇಳಿದರು. ಅದು ಮೋಸವಲ್ಲ, ಎಲ್ಲ ಹೋಟೆಲಿನಲ್ಲೂ ಕೊಡಲೇಬೇಕು. ಬುಕ್ ಮಾಡಿದ ಬೆಲೆಯಲ್ಲಿ ಸೇರಿರುವುದಿಲ್ಲ ಅಷ್ಟೆ. ಲೆಕ್ಕದಲ್ಲಿಟ್ಟುಕೊಳ್ಳಿ. ಮ್ಯೂಸಿಯಂ ಮುಖ್ಯ ಅನ್ನುವವರು ವಿಕ್ಟೋರಿಯಾ ಸ್ಟೇಷನ್ ಕಡೆ ಸಾದಾ ರೂಮ್ ಹಿಡಿದರೆ ಸಾಕು, ನಡೆದೇ ಹೋಗಬಹುದು.

ರಾಷ್ಟ್ರೀಯ ಮ್ಯೂಸಿಯಂ ಮಂಗಳವಾರ ಬೆಳಗ್ಗೆ ತೆರೆಯುವುದಿಲ್ಲ, ಮಧ್ಯಾಹ್ನ ತೆರೆಯುತ್ತದೆ. ನಾವು ಎಂಟೂವರೆಗೆ ಹೋಗಿ ಮೆಟ್ಟಿಲ ಮೇಲೆ ಪಾರಿವಾಳಗಳ ಜೊತೆ ಕೂತು ವಾಪಸ್ ಬಂದೆವು.

ಒಳಗೆ ಹೋದ ಕೂಡಲೇ ಎದುರಿಗೆ ಮೈಸೀನಿ ಎಂಬ ಪ್ರಾಚೀನ ಗ್ರೀಕ್ ಊರಿನ ಚಿನ್ನ. 1876ರಲ್ಲಿ ಜರ್ಮನಿಯ ಶ್ಲೀಮನ್ ಅಗೆದು ತೆಗೆದ 'ಅಗಮೆಮ್ನಾನ್ ಮುಖವಾಡ' ಅಲ್ಲೇ ಇದೆ. ಹೆಸರು ಟ್ರಾಯ್ ಯುದ್ಧದ ಕಥೆಯ ಗ್ರೀಕ್ ರಾಜನದ್ದು, ಆದರೆ ಮುಖವಾಡ ಆ ಯುದ್ಧಕ್ಕೆ ಹೇಳುವ ಕಾಲಕ್ಕಿಂತ ಮುನ್ನೂರು ವರ್ಷವಾದರೂ ಹಳೆಯದು. ಗುಂಪು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ನೀವು ಅವರನ್ನು ಅಲ್ಲೇ ಬಿಟ್ಟು ನೇರ ಹಿಂದಿನ ಈಜಿಪ್ಟ್ ಕೋಣೆಗಳಿಗೆ ಹೋಗಿ. ಗ್ರೀಸ್‌ಗೆ ಬಂದು ಈಜಿಪ್ಟ್ ಯಾಕೆ ಎಂದು ನಾನೂ ಗೊಣಗಿದ್ದೆ. 19ನೇ ಶತಮಾನದ ಕೊನೆಗೆ, 20ನೇ ಶತಮಾನದ ಶುರುವಿಗೆ ಈಜಿಪ್ಟಿನಲ್ಲಿ ನೆಲೆಸಿದ್ದ ಗ್ರೀಕ್ ಶ್ರೀಮಂತರು ಕೊಟ್ಟ ಸಂಗ್ರಹ ಅದು. ತಕುಷಿತ್ ಎಂಬ ಹೆಂಗಸಿನ ಕಂಚಿನ ಮೂರ್ತಿಯ ಮೈತುಂಬ ಬೇರೆ ಲೋಹದಲ್ಲಿ ದೇವರುಗಳನ್ನು ಕೂರಿಸಿದ್ದಾರೆ, ಹಚ್ಚೆ ಹಾಕಿಸಿಕೊಂಡ ಹಾಗೆ. ಅಲ್ಲಿ ನಿಂತ ಗಂಡು ಮೂರ್ತಿಗಳ ಕಾಲು ನೋಡಿ. ಎಡಗಾಲು ಮುಂದೆ. ಕೈ ಮೈಗೆ ಅಂಟಿಕೊಂಡಿದೆ. ಮುಷ್ಟಿ ಬಿಗಿ.

ಅದೇ ಕಣ್ಣಲ್ಲಿ, ಸೂನಿಯೊನ್ ಎಂಬ ಊರಿನಿಂದ ತಂದ ಗ್ರೀಕ್ ಮೂರ್ತಿ ಕುರೊಸ್ ಮುಂದೆ ಬಂದು ನಿಲ್ಲಿ. ಕುರೊಸ್ ಅಂದರೆ ಹುಡುಗ. ಕ್ರಿ.ಪೂ. 600ರ ಸುಮಾರಿನದ್ದು, ಮೂರು ಮೀಟರ್ ಎತ್ತರ. ಎಡಗಾಲು ಮುಂದೆ. ಮುಷ್ಟಿ ಬಿಗಿ.

ಅತ್ತಿಗೆ ಕೆಳಗಿಂದ ಮೇಲಿನವರೆಗೂ ನೋಡಿದರು. "ಇವನು ಅವನ ತಮ್ಮನೇ ಕಣೆ. ಬಟ್ಟೆ ಬಿಚ್ಚಿಟ್ಟು ಬಂದಿದಾನೆ."

ಗೊಮ್ಮಟನನ್ನು ನೋಡಿ ಬೆಳೆದ ನಮಗೆ ಬತ್ತಲೆ ಮೂರ್ತಿ ಹೊಸದಲ್ಲ. ಆದರೆ ಗೊಮ್ಮಟ ನಿಂತವನು, ಇವನು ಹೊರಟವನು. ಆಮೇಲೆ ಅತ್ತಿಗೆ ಇನ್ನೊಂದು ತೋರಿಸಿದರು. ಈಜಿಪ್ಟಿನ ಶಿಲ್ಪಿ ತೋಳಿಗೂ ಸೊಂಟಕ್ಕೂ ನಡುವೆ ಕಲ್ಲನ್ನು ಹಾಗೇ ಬಿಡುತ್ತಾನೆ, ಬೆನ್ನಿಗೂ ಕಲ್ಲಿನ ಆಸರೆ ಕೊಡುತ್ತಾನೆ. ಗ್ರೀಕ್ ಶಿಲ್ಪಿ ಎರಡನ್ನೂ ತೆಗೆದುಹಾಕಿದ್ದಾನೆ. ತೋಳು ಮತ್ತು ಸೊಂಟದ ಸಂದಿಯಿಂದ ಆ ಕಡೆಯ ಗೋಡೆ ಕಾಣುತ್ತದೆ. ಅಷ್ಟೆತ್ತರದ ಕಲ್ಲು ಎರಡೇ ಕಾಲಿನ ಮೇಲೆ ನಿಲ್ಲಬೇಕು. ಧೈರ್ಯ ಬೇಕಲ್ವಾ? ಕ್ರಿ.ಪೂ. 7ನೇ ಶತಮಾನದಲ್ಲಿ ಈಜಿಪ್ಟಿನ ರಾಜ ಪ್ಸಾಮ್ತಿಕ್ ಗ್ರೀಕ್ ಕೂಲಿ ಸೈನಿಕರನ್ನು ಇಟ್ಟುಕೊಂಡಿದ್ದ. ಅಂಥವರು, ವ್ಯಾಪಾರಿಗಳು ಅಲ್ಲಿ ದೊಡ್ಡ ಕಲ್ಲಿನ ಮೂರ್ತಿ ಕಂಡು ಬಂದ ಮೇಲೇ ಇಲ್ಲಿ ಇವು ಏಳುವುದು.

ಇದೇ ಸಾಲಿನಲ್ಲಿ ಕ್ರೊಯಿಸೊಸ್ ಎಂಬ ಸತ್ತ ಯೋಧನ ಕುರೊಸ್ ಇದೆ, ಕ್ರಿ.ಪೂ. 530ರ ಸುಮಾರು. ತೊಡೆ, ಕೆನ್ನೆ ಎಲ್ಲ ಮಾಂಸ ತುಂಬಿಕೊಂಡಿವೆ. ಹತ್ತಿರ ಹೋದರೆ ಮೈಮೇಲೆ ಗರಗಸದ ಜೋಡಣೆ ಗೆರೆಗಳು. ಕಳ್ಳರು ತುಂಡು ಮಾಡಿ ಪ್ಯಾರಿಸ್‌ಗೆ ಸಾಗಿಸಿದ್ದರು, 1937ರಲ್ಲಿ ವಾಪಸ್ ಬಂತು.

ಇವಕ್ಕಿಂತ ಹಿಂದಿನದು ಬೇಕೆಂದರೆ ಅಥೆನ್ಸ್‌ನ ಡಿಪಿಲೊನ್ ಸ್ಮಶಾನದಲ್ಲಿ ಸಿಕ್ಕ ಕೊಡ ಹುಡುಕಿ. ಕ್ರಿ.ಪೂ. 760ರ ಆಸುಪಾಸಿನದ್ದು, ಒಬ್ಬ ಹೆಂಗಸಿನ ಗೋರಿ ಮೇಲೆ ನಿಲ್ಲಿಸಿದ್ದು, ಸುಮಾರು ನನ್ನಷ್ಟೇ ಎತ್ತರ. ಮೈಯೆಲ್ಲ ಗೆರೆ, ರಂಗೋಲಿಯ ಎಳೆಯಂತೆ. ನಡುವೆ ಹೆಣ, ಸುತ್ತ ತಲೆ ಮೇಲೆ ಕೈ ಹೊತ್ತ ಕಡ್ಡಿ ಗೊಂಬೆಗಳು. ಅದೇ ಸ್ಮಶಾನದಲ್ಲಿ ಸಿಕ್ಕ ಒಂದು ಸಣ್ಣ ಹೂಜಿಯ ಮೇಲೆ, ಎಲ್ಲರಿಗಿಂತ ಹಗುರವಾಗಿ ಕುಣಿಯುವವನಿಗೆ ಇದು ಅಂತ ಗೀಚಿದ್ದಾರೆ. ಗ್ರೀಕ್ ಬರಹದ ತೀರಾ ಹಳೆಯ ಸಾಲುಗಳಲ್ಲಿ ಒಂದು. ಅಕ್ಷರ ಈಗಿನ ಲೆಬನಾನ್ ಕಡೆಯ ಫಿನೀಷಿಯನ್ನರಿಂದ ಕಲಿತಿದ್ದು, ಅವರ ಹಾಗೇ ಬಲದಿಂದ ಎಡಕ್ಕೆ ಬರೆದಿದ್ದಾರೆ.

ಈಗ ಊಟ. ಮ್ಯೂಸಿಯಂ ಹಿಂದಿನ ಎಕ್ಸಾರ್ಖಿಯಾ ಗಲ್ಲಿಗಳಲ್ಲಿ ಆರು ಮೇಜಿನ ಒಂದು ಖಾನಾವಳಿ. ಬೋರ್ಡು ಗ್ರೀಕ್‌ನಲ್ಲಿ, ಮೆನು ಇಲ್ಲ. ಗಾಜಿನ ಹಿಂದೆ ಟ್ರೇಗಳು, ಬೆರಳು ತೋರಿಸಿದರೆ ಬಡಿಸುತ್ತಾರೆ. ಅಡುಗೆಮನೆಯಲ್ಲಿ ಗಂಡ, ಗಲ್ಲಾದಲ್ಲಿ ಹೆಂಡತಿ. ಸಸ್ಯಾಹಾರಿಗಳು 'ನಿಸ್ತಿಸಿಮೊ' ಎನ್ನುವ ಒಂದು ಪದ ಕಲಿತು ಹೋಗಿ. ಅವರ ಉಪವಾಸದ ಅಡುಗೆ ಅಂತ ಅರ್ಥ. ಮಾಂಸ, ಮೊಟ್ಟೆ, ಹಾಲು ಇರಲ್ಲ, ಆದರೆ ಸೀಗಡಿ, ಆಕ್ಟೋಪಸ್ ಇರಬಹುದು, ಅದನ್ನು ಬೇರೆ ಕೇಳಿ. ನಾವು ಹೋಗಿದ್ದು ಮಾರ್ಚ್‌ನಲ್ಲಿ, ಈಸ್ಟರ್ ಮುಂಚಿನ ಉಪವಾಸದ ಕಾಲ, ಹಾಗಾಗಿ ಎಲ್ಲೆಲ್ಲೂ ಸಿಕ್ಕಿತು. 'ಫಾವಾ' ಅಂತ ಹಳದಿ ಬೇಳೆ ಬೇಯಿಸಿ ಮಸೆದಿರುತ್ತಾರೆ. ಗಟ್ಟಿ ತೊವ್ವೆಯೇ, ಒಗ್ಗರಣೆ ಬದಲು ಹಸಿ ಈರುಳ್ಳಿ, ನಿಂಬೆ, ಆಲಿವ್ ಎಣ್ಣೆ. ಒಲೆಯಲ್ಲಿ ರಾತ್ರಿಯಿಡೀ ಬೆಂದ ಕಡಲೆಕಾಳಿನ ಸಾರು. ಬೇಯಿಸಿದ ಕಾಡು ಸೊಪ್ಪು, ಸ್ವಲ್ಪ ಕಹಿ. ಅತ್ತಿಗೆ ಪರ್ಸಿನಿಂದ ಚಟ್ನಿಪುಡಿ ಡಬ್ಬಿ ತೆಗೆದು ಫಾವಾ ಮೇಲೆ ಉದುರಿಸಿಕೊಂಡರು. ಗಲ್ಲಾದಾಕೆ ನೋಡಿ, ಬಂದು, ಒಂದು ಚಿಟಿಕೆ ನಾಲಿಗೆಗೆ ಹಾಕಿ, ಗಂಡನನ್ನು ಕೂಗಿದಳು. ಇಬ್ಬರಿಗೂ ಸೇರಿ 19 ಯೂರೊ. ನಾಲ್ಕು ದಿನ ಅಲ್ಲೇ ಉಂಡೆವು. ಕೇಳದೆಯೇ ಬ್ರೆಡ್ ತಂದಿಟ್ಟು ಬಿಲ್‌ನಲ್ಲಿ ಸೇರಿಸುವುದು ಅಲ್ಲಿ ರೂಢಿ. ಬೇಡವಾದರೆ ಆಗಲೇ ವಾಪಸ್ ಕೊಡಿ.

ಅಕ್ರೊಪೊಲಿಸ್ ಬೆಟ್ಟಕ್ಕೆ ಬೇರೆ ಟಿಕೆಟ್, ಕೆಳಗಿನ ಮ್ಯೂಸಿಯಂಗೆ ಬೇರೆ. ಒಂದೇ ಆಗುತ್ತದೆಂದರೆ ಮ್ಯೂಸಿಯಂ ಹಿಡಿಯಿರಿ. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಬೆಟ್ಟದ ಮೇಲಿನದನ್ನೆಲ್ಲ ಒಡೆದು ಸುಟ್ಟರು. ಒಡೆದ ಮೂರ್ತಿಗಳನ್ನು ಅಥೆನ್ಸಿನವರು ಅಲ್ಲೇ ಹೂತರು. ಅದರಿಂದಲೇ ಅವು ಉಳಿದವು, ಕೆಲವಕ್ಕೆ ಬಣ್ಣ ಕೂಡ. ಆ ಗುಂಪಿನಲ್ಲಿ 'ಕ್ರಿಟಿಯೊಸ್ ಹುಡುಗ' ಇದ್ದಾನೆ. ಒಂದು ಕಾಲಿನ ಮೇಲೆ ಭಾರ, ಇನ್ನೊಂದು ಮಂಡಿ ಸಡಿಲ, ಸೊಂಟ ಸ್ವಲ್ಪ ವಾಲಿದೆ. ಬಸ್ ಕಾಯುತ್ತಾ ನಿಂತವನ ಹಾಗೆ. ಸೂನಿಯೊನ್‌ನವನಿಗೂ ಇವನಿಗೂ ನಡುವೆ ನೂರಿಪ್ಪತ್ತು ವರ್ಷವಷ್ಟೇ. ಅತ್ತಿಗೆ ಅಲ್ಲೇ ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತು ತೋರಿಸಿದರು. ಕಾವಲಿನವಳು ನಕ್ಕಳು.

ಡೆಲ್ಫಿಗೆ ಎರಡನೇ ಸಲ ಲಿಯೊಸಿಯೊನ್ ಬಸ್ ಸ್ಟ್ಯಾಂಡಿನಿಂದ ಸಾದಾ ಬಸ್ಸಿನಲ್ಲಿ ಹೋದೆವು. ಸ್ಟ್ಯಾಂಡು ಮೆಟ್ರೊಗೆ ಅಂಟಿಕೊಂಡಿಲ್ಲ, ಟ್ಯಾಕ್ಸಿ ಬೇಕು. ದಾರಿ ಸುಮಾರು ಮೂರು ಗಂಟೆ. ಊರಲ್ಲಿ ಒಂದು ರಾತ್ರಿ ಉಳಿದು, ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋದರೆ ವ್ಯಾನ್‌ಗಳು ಬರುವ ಮೊದಲು ಮ್ಯೂಸಿಯಂ ನಿಮ್ಮದೇ. ಮೊದಲ ಕೋಣೆಯಲ್ಲಿ ಹದ್ದಿನ ಕೊಕ್ಕು, ನೆಟ್ಟಗಿನ ಕಿವಿಯ ಕಂಚಿನ ಗ್ರಿಫಿನ್ ತಲೆಗಳು. ಪೂರ್ವದ ದೇಶಗಳಿಂದ ಬಂದ ಕಲ್ಪನೆಯ ಪ್ರಾಣಿ, ಗ್ರೀಕರು ದೊಡ್ಡ ಹಂಡೆಗಳ ಅಂಚಿಗೆ ಕೂರಿಸಿಕೊಂಡರು. ಮುಂದೆ ಸುಟ್ಟು ಕರಿಯಾದ ದಂತದ ಮುಖಗಳು, ಮೇಲೆ ಚಿನ್ನ. 1939ರಲ್ಲಿ ದಾರಿಯ ಕಲ್ಲಿನ ಕೆಳಗೆ ಹೂತಿಟ್ಟ ಗುಂಡಿಯಲ್ಲಿ ಸಿಕ್ಕವು. ಆ ವ್ಯಾನಿನವ ಇದರ ಪಕ್ಕದಲ್ಲೇ ನಮ್ಮನ್ನು ಓಡಿಸಿಕೊಂಡು ಹೋಗಿದ್ದ.

ಕೊನೆಯ ಕೋಣೆಯ ಕಂಚಿನ ಸಾರಥಿಗೆ ಅತ್ತಿಗೆ ಒಂದು ಗಂಟೆ ಕೊಟ್ಟರು. ನಿಲುವಂಗಿಯ ಮಡಿಕೆ ಕಂಬದ ಗೀರುಗಳ ಹಾಗೆ ನೆಟ್ಟಗೆ ಇಳಿಯುತ್ತದೆ. ಕಣ್ಣನ್ನು ಬೇರೆಯಾಗಿ ಮಾಡಿ ಕೂರಿಸಿದ್ದಾರೆ, ರೆಪ್ಪೆ ಕೂದಲು ತಾಮ್ರದ್ದು, ಒಂದೊಂದೂ ಬೇರೆ. ಬರಿಗಾಲಿನ ನರಗಳೂ ಕಾಣುತ್ತವೆ. ರಥದೊಳಗೆ ನಿಂತಿದ್ದಾಗ ಆ ಪಾದ ಯಾರಿಗೂ ಕಾಣುತ್ತಿರಲಿಲ್ಲ. ಅತ್ತಿಗೆ ನೆಲಕ್ಕೆ ಕೂತು ಪಾದವನ್ನು ಬರೆದುಕೊಂಡರು. ವಾಪಸ್ ಬಸ್ಸಿನ ಟೈಮ್ ಹೋಗುವಾಗಲೇ ಕೇಳಿಟ್ಟುಕೊಳ್ಳಿ. ನಮಗೆ ಒಂದು ಬಸ್ ತಪ್ಪಿತು.