ಎಷ್ಟು ನೀರು ಅಂತ ಕೇಳೋ ಮೊದಲು, ಎಲ್ಲಿ ಅಳೆದದ್ದು ಅಂತ ಕೇಳಿ

ನಾನು ಜಲಸಂಪನ್ಮೂಲ ಇಲಾಖೆಯ ಎಂಜಿನಿಯರ್. ಬೆಂಗಳೂರಿನ ಕಚೇರಿಯಲ್ಲಿ ಕೂತು ಕಾವೇರಿ ಲೆಕ್ಕ ನೋಡುವುದು ನನ್ನ ಕೆಲಸ. ಯಾರ ಪಾಲು ಎಷ್ಟು, ಅದರಲ್ಲಿ ಹೋಗಿದ್ದೆಷ್ಟು, ಉಳಿದದ್ದೆಷ್ಟು ಅಂತ ದಿನಾ ಬರೆದಿಡಬೇಕು. ಮದುವೆ ಮನೆಯಲ್ಲಿ ಯಾರಿಗಾದರೂ ಇಷ್ಟು ಹೇಳಿದರೆ ಸಾಕು, ಎಲೆ ಮುಂದೆ ಕೂತಲ್ಲೇ ಪ್ರಶ್ನೆ ಬರುತ್ತದೆ: ‘ತಮಿಳುನಾಡಿಗೆ ಎಷ್ಟು ಬಿಟ್ರಿ ಸಾರ್?’

ಎಲ್ಲಿ ಅಳೆದದ್ದು, ಎಷ್ಟು ದಿನದ್ದು ಅಂತ ಹೇಳದೆ ಇದಕ್ಕೆ ಉತ್ತರ ಕೊಡೋಕೆ ಆಗಲ್ಲ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಇದೇ.

ಟಿವಿಯವರು ಕೆಆರ್‌ಎಸ್ ಗೇಟ್ ತೋರಿಸುತ್ತಾರೆ. ನೋಡೋಕೆ ಚೆನ್ನಾಗಿರುತ್ತದೆ ಬಿಡಿ. ಆದರೆ ಲೆಕ್ಕ ಹಿಡಿಯೋದು ಗಡಿಯ ಬಿಳಿಗುಂಡ್ಲುವಿನಲ್ಲಿ. ಅಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಇದೆ. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಸಾಮಾನ್ಯ ಮಳೆಯ ವರ್ಷದಲ್ಲಿ 177.25 ಟಿಎಂಸಿ ಆ ಜಾಗ ದಾಟಬೇಕು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಅಲ್ಲಿಗೆ ಬರೋದು ಬರೀ ಕೆಆರ್‌ಎಸ್ ನೀರಲ್ಲ. ಕಬಿನಿ ಸೇರುತ್ತದೆ, ಶಿಂಷಾ ಸೇರುತ್ತದೆ, ಅರ್ಕಾವತಿ ಸೇರುತ್ತದೆ. ನಡುವಿನ ಕಾಡಿನಲ್ಲಿ ಬಿದ್ದ ಮಳೆಯೂ ಸೇರುತ್ತದೆ. ಕನಕಪುರದ ಕಡೆ ರಾತ್ರಿ ಜೋರು ಮಳೆ ಬಂತು ಅಂದರೆ ಬೆಳಿಗ್ಗೆ ನಾವು ಮೊದಲು ಕೇಳೋದು ಬಿಳಿಗುಂಡ್ಲು ಅಂಕಿ. ಮೇಲಿನ ಜಲಾಶಯದಿಂದ ಅಷ್ಟು ಕಡಿಮೆ ಬಿಟ್ಟರೂ ನಡೆಯುತ್ತದಲ್ಲ! ಅಂದಹಾಗೆ, ನಮ್ಮ ಬೆಂಗಳೂರಿನ ವೃಷಭಾವತಿಯ ಕೊಳಚೆಯೂ ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಬಿದ್ದು, ಅದೇ ಲೆಕ್ಕದೊಳಗೆ ಹೋಗುತ್ತದೆ. ಇದನ್ನು ಹೇಳಿದರೆ ಯಾರೂ ನಂಬಲ್ಲ.

ಇನ್ನು ತಿಂಗಳ ಲೆಕ್ಕ. ನಮ್ಮ ವರ್ಷ ಜೂನ್ 1ಕ್ಕೆ ಶುರುವಾಗಿ ಮೇ 31ಕ್ಕೆ ಮುಗಿಯುತ್ತದೆ. ಆಗಸ್ಟ್ ಒಂದೇ ತಿಂಗಳಿಗೆ 45.95 ಟಿಎಂಸಿ, ಸೆಪ್ಟೆಂಬರಿಗೆ 36.76. ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ ಬರೀ 2.5. ಗಲಾಟೆ ಯಾವಾಗಲೂ ಆಗಸ್ಟ್–ಸೆಪ್ಟೆಂಬರಿನಲ್ಲೇ ಯಾಕೆ ಅಂತ ಇದರಲ್ಲೇ ಗೊತ್ತಾಗುತ್ತದೆ. ಮಳೆ ಕೈಕೊಟ್ಟ ವರ್ಷ ಪಾಲೂ ಅದೇ ಪ್ರಮಾಣದಲ್ಲಿ ಇಳಿಯಬೇಕು ಅನ್ನೋದು ತತ್ವ. ಎಷ್ಟು ಇಳಿಯಬೇಕು ಅನ್ನೋದೇ ಜಗಳ.

2023ರಲ್ಲಿ ಹಾಗೇ ಆಯಿತು. 15 ದಿನ 5,000 ಕ್ಯೂಸೆಕ್ ಹರಿಸಿ ಅಂತ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಆದೇಶ ಕೊಟ್ಟಿತು. ಬೆಂಗಳೂರು ಬಂದ್ ಆಯಿತು, ಆಮೇಲೆ ಕರ್ನಾಟಕ ಬಂದ್ ಆಯಿತು. ಆ ದಿನಗಳಲ್ಲಿ ನೆಂಟರೆಲ್ಲ ಫೋನ್ ಮಾಡಿ ‘ಐದು ಸಾವಿರವಾ!’ ಅನ್ನುತ್ತಿದ್ದರು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಹರಿಯುವ ವೇಗದ ಲೆಕ್ಕ. ಸಾವಿರ ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ 0.0864 ಟಿಎಂಸಿ. ಈ ಗುಣಾಕಾರ ನನಗೆ ನಿದ್ದೆಯಲ್ಲೂ ಬರುತ್ತದೆ. ಆ ಪ್ರಕಾರ 15 ದಿನಕ್ಕೆ 6.48 ಟಿಎಂಸಿ. ಹಾಗೆ ಹೇಳಿದರೆ ‘ಓ, ಅಷ್ಟೇನಾ’ ಅನ್ನೋರೂ ಇದ್ದರು. ಅಷ್ಟೇ ಏನಲ್ಲ. ಆಗ ಕೆಆರ್‌ಎಸ್ ಮಟ್ಟ 100 ಅಡಿ ಆಸುಪಾಸಿನಲ್ಲಿತ್ತು. ಭರ್ತಿ ಮಟ್ಟ 124.80 ಅಡಿ, ಆಗ 49.45 ಟಿಎಂಸಿ ಇರುತ್ತದೆ. 100 ಅಡಿಗೆ ಇಳಿದರೆ ಎತ್ತರದಲ್ಲಿ ಐದನೇ ಒಂದು ಭಾಗ ಮಾತ್ರ ಹೋಗಿರುತ್ತದೆ, ನೀರು ಅರ್ಧಕ್ಕಿಂತ ಜಾಸ್ತಿ ಹೋಗಿರುತ್ತದೆ. ಮೇಲೆ ಅಗಲ, ಕೆಳಗೆ ಕಿರಿದು ಅಲ್ವಾ. ಪೇಪರಿನಲ್ಲಿ ಅಡಿ ಓದಿ ನೆಮ್ಮದಿಯಾಗಿರುವವರಿಗೆ ಇದು ಗೊತ್ತಿರುವುದಿಲ್ಲ.

‘ಎಲ್ಲಿ’ ಅನ್ನೋ ಪ್ರಶ್ನೆ ನಮ್ಮ ಬೆಂಗಳೂರಿಗೇ ಎಷ್ಟು ದುಬಾರಿಯಾಗಿತ್ತು ನೋಡಿ. ನಮ್ಮದು ದಿಬ್ಬದ ಮೇಲಿನ ಊರು. ಕೆಂಗೇರಿ ಕಡೆ ಬಿದ್ದ ಮಳೆ ಅರ್ಕಾವತಿಗೆ, ಬೆಳ್ಳಂದೂರು–ವರ್ತೂರು ಕಡೆಯದ್ದು ದಕ್ಷಿಣ ಪಿನಾಕಿನಿಗೆ. ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದೊಳಗಿದೆ ಅಂತ ಕಾವೇರಿ ಜಲವಿವಾದ ನ್ಯಾಯಮಂಡಳಿ 2007ರ ತೀರ್ಪಿನಲ್ಲಿ ಅಷ್ಟಕ್ಕೇ ಕುಡಿಯುವ ನೀರು ಲೆಕ್ಕ ಹಾಕಿತ್ತು. ಅದರಲ್ಲೂ ಅರ್ಧ ಅಂತರ್ಜಲದಿಂದ ಸಿಗುತ್ತದೆ ಅಂದುಕೊಂಡಿತ್ತು. ನಲ್ಲಿ ತಿರುಗಿಸುವ ಮನುಷ್ಯನಿಗೆ ಕೊಳ್ಳದ ಗೆರೆ ಎಲ್ಲಿ ಕಾಣಿಸಬೇಕು? 2018ರಲ್ಲಿ ಸುಪ್ರೀಂ ಕೋರ್ಟ್ ಈ ಲೆಕ್ಕ ಒಪ್ಪದೆ ಬೆಂಗಳೂರಿಗೆ ಅಂತಲೇ 4.75 ಟಿಎಂಸಿ ಹೆಚ್ಚು ಕೊಟ್ಟಿತು.

ಒಂದು ಸಲ ಮಂಡ್ಯ ಕಡೆಯ ನಾಲೆಯ ಕೊನೆಭಾಗದ ರೈತರೊಬ್ಬರು ಕಚೇರಿಗೆ ಬಂದಿದ್ದರು. ವಯಸ್ಸಾದವರು, ಕಂಕುಳಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಅರ್ಜಿಗಳು. ನಾನು ಕಂಪ್ಯೂಟರ್ ಅವರ ಕಡೆ ತಿರುಗಿಸಿ ನಾಲೆಗೆ ಇಂತಿಷ್ಟು ದಿನ, ಇಂತಿಷ್ಟು ಕ್ಯೂಸೆಕ್ ಬಿಟ್ಟಿದ್ದೇವೆ ಅಂತ ತೋರಿಸಿದೆ. ಸುಮ್ನೆ ನೋಡಿದರು. ಆಮೇಲೆ ಕೇಳಿದರು: ‘ಸರಿ ಸಾ, ಇದು ನಾಲೆ ಬಾಯಲ್ಲಿ ಬಿಟ್ಟಿದ್ದು. ನಮ್ ತೂಬಿಗೆ ಎಷ್ಟು ಬಂತು ಅಂತ ಇದ್ರಲ್ಲಿ ಎಲ್ಲೈತೆ?’

ಇರಲಿಲ್ಲ. ರಾಜ್ಯ ರಾಜ್ಯದ ನಡುವೆ ದಶಮಾಂಶದವರೆಗೆ ಲೆಕ್ಕ ಇಡುತ್ತೇವೆ. ನಾಲೆಯೊಳಗೆ ತಲೆಭಾಗದವರು ಪಂಪ್ ಇಟ್ಟು ಎತ್ತಿದ್ದೆಷ್ಟು, ಏರಿ ಒಡೆದು ಸೋರಿದ್ದೆಷ್ಟು, ಕೊನೆಯ ತೂಬಿಗೆ ಮುಟ್ಟಿದ್ದೆಷ್ಟು ಅನ್ನೋದು ನಾಲೆಯ ನೀರು ಹಂಚುವ ನೀರುಗಂಟಿಯ ಬಾಯಿಮಾತಿನಲ್ಲಿರುತ್ತದೆ. ಅವನನ್ನು ಬಿಟ್ಟರೆ ಅದನ್ನು ಅಳೆಯುವವರೇ ಇಲ್ಲ.

ಈಗ ನನ್ನ ಹತ್ತಿರ ಬರುವ ಹೊಸ ಸಹಾಯಕ ಎಂಜಿನಿಯರ್‌ಗಳಿಗೆ ಕೊಡುವ ದಿನವಹಿ ತಖ್ತೆಯಲ್ಲಿ ನಾಲೆಯ ಬಾಯಿಯ ಅಂಕಿಯ ಪಕ್ಕ ಕೊನೆಯ ತೂಬಿಗೂ ಒಂದು ಕಾಲಂ ಇಟ್ಟಿದ್ದೇನೆ. ಜಾಸ್ತಿ ದಿನ ಅದು ಖಾಲಿಯೇ ಬರುತ್ತದೆ. ಕೆಲವು ಕಡೆ ನೀರಿನ ಮಟ್ಟ ಅಳೆಯುವ ಗೇಜ್ ಪಟ್ಟಿ ಕಿತ್ತುಹೋಗಿದೆ, ಕೆಲವು ಕಡೆ ಅಳೆಯಲು ಆಳಿಲ್ಲ. ಖಾಲಿ ಬಿಟ್ಟರೆ ಬಿಡಲಿ, ಕಾಲಂ ಮಾತ್ರ ತೆಗೆಯಬೇಡಿ ಅಂತ ಹೇಳಿದ್ದೇನೆ. ಮೀಟಿಂಗಿನಲ್ಲಿ ಯಾರಾದರೂ ‘ಇದ್ಯಾಕೆ ಖಾಲಿ?’ ಅಂತ ಕೇಳಿದ ದಿನವೇ ಗೇಜ್ ಪಟ್ಟಿಯ ಎಸ್ಟಿಮೇಟ್ ಮುಂದೆ ಇಡಬಹುದು.