ಎವ್ರಿ ಡೇ ನಡುವಿನ ಜಾಗ

ಕಳೆದ ವಾರ ಬೆಣ್ಣೆದೋಸೆ ಹೋಟೆಲಿನ ಯಜಮಾನರೊಬ್ಬರು ಫ್ಲೆಕ್ಸ್ ಮಾಡಿಸಲು ನಮ್ಮ ಡಿಟಿಪಿ ಅಂಗಡಿಗೆ ಬಂದಿದ್ದರು. ದಾವಣಗೆರೆಯ ಜಯದೇವ ಸರ್ಕಲ್ ಹತ್ತಿರ ಈ ಅಂಗಡಿ ಇಟ್ಟು ನನಗೆ ಹನ್ನೊಂದು ವರ್ಷ. ಅವರ ಚೀಟಿಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ‘ಓಪನ್ ಎವ್ರಿಡೇ’ ಅಂತ ಕೂಡಿಸಿ ಬರೆದಿತ್ತು. ನಾನು ನಡುವೆ ಜಾಗ ಬಿಟ್ಟೆ.

“ಅಕ್ಕಾರೆ, ಕೂಡಿಸಿದ್ರೇನು, ಬಿಡಿಸಿದ್ರೇನು? ಎರಡೂ ಒಂದೇ ಅಲ್ಲೇನ್ರಿ?”

ಒಂದೇ ಅಲ್ಲ. ದಿನಾಲೂ ತೆರೆದಿರುತ್ತದೆ ಅನ್ನಲು ಎರಡು ಪದ ಬೇಕು. ಕೂಡಿಸಿದ ‘ಎವ್ರಿಡೇ’ ಗುಣವಾಚಕ, ದಿನಬಳಕೆಯ ಅಂತ ಅರ್ಥ. ‘ಎವ್ರಿಡೇ ಕ್ಲೋತ್ಸ್’ ಅಂದರೆ ಮಾಮೂಲಿ ಬಟ್ಟೆ, ಹಬ್ಬಕ್ಕೆ ಪೆಟ್ಟಿಗೆಯಿಂದ ತೆಗೆಯುವಂಥದ್ದಲ್ಲ. ಅನುಮಾನ ಬಂದಾಗ ನಾನು ನಡುವೆ ‘ಸಿಂಗಲ್’ ಸೇರಿಸಿ ಓದುತ್ತೇನೆ. ‘ಓಪನ್ ಎವ್ರಿ ಸಿಂಗಲ್ ಡೇ’ ಸರಿಯಾಗಿ ಕೂರುತ್ತದೆ, ಹಾಗಾಗಿ ಬಿಡಿಸಬೇಕು. ‘ಎವ್ರಿ ಸಿಂಗಲ್ ಡೇ ಕ್ಲೋತ್ಸ್’ ಕೂರುವುದಿಲ್ಲ.

ಬಯೋಡೇಟಾ ಟೈಪ್ ಮಾಡಿಸಲು ಬರುವ ಮಕ್ಕಳ ವಿಷಯದಲ್ಲಿ ನನಗೆ ಇನ್ನೂ ಕಾಳಜಿ. ಅಲ್ಲಿ ಬರುವುದು ‘ಸಮ್ ಟೈಮ್’. ಬಿಡಿಸಿದರೆ ಒಂದಷ್ಟು ಕಾಲ, ಕೂಡಿಸಿದರೆ ಯಾವಾಗಲೋ ಒಮ್ಮೆ. ‘ಫಾರ್ ಸಮ್ ಟೈಮ್’ ಕೆಲಸ ಮಾಡಿದ್ದೇನೆ ಅನ್ನುವಾಗ ಬಿಡಿಸಲೇಬೇಕು. ಅದೇ ಕೂಡಿಸಿದ ಪದವನ್ನು ಹುದ್ದೆಯ ಮುಂದೆ ಹಾಕಿ ‘ಸಮ್‌ಟೈಮ್ ಲೆಕ್ಚರರ್’ ಅಂದರೆ ಮಾಜಿ ಉಪನ್ಯಾಸಕ ಅಂತಾಗುತ್ತದೆ. ಈಗಲೂ ಪಾಠ ಮಾಡುತ್ತಿರುವ ಹುಡುಗಿಯೊಬ್ಬಳು, ಅರೆಕಾಲಿಕ ಅಂತ ತಿಳಿದು ಹಾಗೆ ಬರೆದುಕೊಂಡು ಬಂದಿದ್ದಳು. ಕೂರಿಸಿಕೊಂಡು ಹೇಳಿ ‘ಪಾರ್ಟ್ ಟೈಮ್’ ಅಂತ ತಿದ್ದಿಸಿದೆ.

‘ಎನಿ ಟೈಮ್’ ಅಷ್ಟು ಕಾಡುವುದಿಲ್ಲ. ಅಮೆರಿಕದವರು ಕೂಡಿಸುವುದು ಹೆಚ್ಚು, ಬ್ರಿಟಿಷರು ಬಿಡಿಸುವುದು ಹೆಚ್ಚು. ಹಿಂದೆ ‘ಅಟ್’ ಬಂದರೆ ಮಾತ್ರ ಬಿಡಿಸಿಯೇ ಬರೆಯಬೇಕು. ಸುಗ್ರೀವಾಜ್ಞೆಯ ಬಗ್ಗೆ ಇರುವ ನಮ್ಮ ಸಂವಿಧಾನದ 123ನೇ ವಿಧಿ ಶುರುವಾಗುವುದೇ ‘ಇಫ್ ಅಟ್ ಎನಿ ಟೈಮ್’ ಅಂತ.

ಇಷ್ಟೆಲ್ಲ ವ್ಯಾಕರಣ ಯಜಮಾನರಿಗೆ ಹೇಳಲಿಲ್ಲ. “ಅವತ್ತು ಬಂದ್ರು ಅನ್ನೋದಕ್ಕೂ, ಆ ಹೊತ್ತಿನಾಗೆ ಬಂದ್ರು ಅನ್ನೋದಕ್ಕೂ ಫರಕಿಲ್ವಾ?” ಅಂದೆ. ಒಂದು ಕ್ಷಣ ಸುಮ್ಮನಿದ್ದು, “ಐತಿ. ಒಂದು ದಿನದ ಮಾತು, ಇನ್ನೊಂದು ವ್ಯಾಳ್ಯಾದ ಮಾತು” ಅಂದರು. ‘ಆ’ ಮತ್ತು ‘ಹೊತ್ತು’ ಕೂಡಿಯೇ ‘ಅವತ್ತು’ ಆಗಿದೆ. ಕೂಡಿದ ಮೇಲೆ ಅದು ತನ್ನದೇ ಅರ್ಥ ಹಿಡಿದುಕೊಂಡಿತು. ಈ ಸೂಕ್ಷ್ಮ ನಮ್ಮ ನಾಲಿಗೆಯಲ್ಲೇ ಇರುವಾಗ, ಇಂಗ್ಲಿಷಿನದನ್ನು ಮಕ್ಕಳಿಗೆ ಬರೀ ಸ್ಪೆಲಿಂಗ್ ಅಂತ ಉರು ಹೊಡೆಸುವುದು ನನಗೆ ಸಂಕಟ.

ಅಪ್ಪ ಇಲ್ಲಿಯ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರ ಕಾರ್ಬನ್ ಪ್ರತಿಗಳಲ್ಲಿ ‘ಟುಡೇ’ ನಡುವೆ ಒಂದು ಸಣ್ಣ ಗೆರೆ ಇದೆ. ಟೈಪಿಂಗ್ ತಪ್ಪು ಅಂದುಕೊಂಡಿದ್ದೆ. ಅದು ತಪ್ಪಲ್ಲ. ಮೊದಲು ಎರಡು ಪದವಾಗಿದ್ದದ್ದು ಆಮೇಲೆ ಗೆರೆ ಹಾಕಿಸಿಕೊಂಡು, ಇಪ್ಪತ್ತನೇ ಶತಮಾನದಲ್ಲಿ ಆ ಗೆರೆಯನ್ನೂ ಕಳಚಿಕೊಂಡಿತು. ‘ಟುಮಾರೋ’, ‘ಟುನೈಟ್’ ಬಂದದ್ದೂ ಇದೇ ದಾರಿಯಲ್ಲಿ. ಅಪ್ಪ ತಾವು ಕಲಿತ ಹಳೆಯ ಪದ್ಧತಿಯನ್ನೇ ಕೊನೆಯವರೆಗೂ ಬಿಡಲಿಲ್ಲ.

ಯಜಮಾನರು ನಿನ್ನೆ ಫ್ಲೆಕ್ಸ್ ಒಯ್ದರು. ಹಣ ಕೊಡುವ ಮುಂಚೆ ಅದನ್ನು ನೆಲದ ಮೇಲೆ ಹಾಸಿ, ಆ ಎರಡು ಪದಗಳ ನಡುವಿನ ಜಾಗದ ಮೇಲೆ ಬೆರಳಿಟ್ಟು ನೋಡಿಕೊಂಡರು.